ಪ್ರೋಬ್ ತೋರಿಸಿದ ದಾರಿ: ಪ್ಲಾಸ್ಮಾ ವಿಜ್ಞಾನದಲ್ಲಿ ಪೋಸ್ಟ್‌ಡಾಕ್ ಹುಡುಕಿದ ಒಂದು ಪ್ರಕರಣ

ಥೀಸಿಸ್ ಕೊಟ್ಟು ಎಂಟು ತಿಂಗಳಾದ ಮೇಲೆ ಅವಳು ನನಗೊಂದು ಎಕ್ಸೆಲ್ ಶೀಟ್ ಕಳಿಸಿದಳು. ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ, ಹುಡುಕಿದ ಪಟ್ಟಿ ಅದು. ಒಟ್ಟು 43 ಸಾಲು. ಸಾಲಿಗೊಂದು ಲ್ಯಾಬು, ಅರ್ಜಿ ಹಾಕಿದ ತಾರೀಖು, ಕೊನೆಯಲ್ಲಿ ‘ಉತ್ತರ’ ಅನ್ನೋ ಕಾಲಂ. ಅದರಲ್ಲಿ 38 ಖಾಲಿ ಇದ್ದವು. ಉಳಿದ 5ರಲ್ಲಿ ‘ಇಲ್ಲ’. ಜೊತೆಗೆ ಒಂದೇ ಸಾಲಿನ ಮೆಸೇಜು: ‘ಅಕ್ಕಾ, ನಾನು ಆರಿಸಿಕೊಂಡ ವಿಷಯವೇ ತಪ್ಪಾಯ್ತಾ?’

ನಾನು ಪಿಎಚ್‌ಡಿ ಮಾಡಿದ ಲ್ಯಾಬಿನಲ್ಲೇ, ಅದೇ ಗೈಡ್ ಹತ್ತಿರ, ನನ್ನ ನಂತರ ಓದಿದವಳು ಅವಳು. ಮುಂದಿನ ಏಳು ತಿಂಗಳು ನಾವಿಬ್ಬರೂ ಈ ಹುಡುಕಾಟವನ್ನು ಮೊದಲಿನಿಂದ ಬಿಚ್ಚಿ ನೋಡಿದೆವು. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ಲಾಸ್ಮಾದಲ್ಲಿ ಓದಿದವರು ಇದೇ ಗುಂಡಿಗೆ ಬೀಳುವುದನ್ನು ಹಲವು ಸಲ ನೋಡಿದ್ದೇನೆ. ಕೈಯಲ್ಲಿ ಒಳ್ಳೆಯ ಕೆಲಸ ಇರುವವರೇ ಹೀಗೆ ಸಿಕ್ಕಿಹಾಕಿಕೊಂಡಾಗ ನನಗೆ ತುಂಬಾ ಸಂಕಟವಾಗುತ್ತದೆ.

ಅವಳಿಗೆ ಏನು ಗೊತ್ತಿತ್ತು

ಅವಳ ಥೀಸಿಸ್ ಆರ್ಗಾನ್ ಪ್ಲಾಸ್ಮಾದ ಮೇಲೆ. ಪ್ಲಾಸ್ಮಾ ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಯಾಗಿ, ಕರೆಂಟ್ ಹರಿಯಬಲ್ಲ ಅನಿಲ. ಉಕ್ಕಿನ ಚೇಂಬರಿನಿಂದ ಗಾಳಿ ತೆಗೆದು, ಸ್ವಲ್ಪ ಆರ್ಗಾನ್ ಬಿಟ್ಟು, 13.56 ಮೆಗಾಹರ್ಟ್ಸ್ ರೇಡಿಯೋ ಫ್ರೀಕ್ವೆನ್ಸಿ ಪವರ್ ಕೊಟ್ಟರೆ ಅದು ಹೊಳೆಯುತ್ತದೆ. ಒಳಗಿನ ಎಲೆಕ್ಟ್ರಾನ್‌ಗಳು ಎಷ್ಟು ಬಿಸಿ, ಎಷ್ಟು ದಟ್ಟ ಅಂತ ಅಳೆಯುವುದು ಅವಳ ಕೆಲಸ. ಅದಕ್ಕೆ ಬಳಸಿದ್ದು ಲ್ಯಾಂಗ್‌ಮ್ಯೂರ್ ಪ್ರೋಬ್. ಸೂಜಿಯಂಥ ಟಂಗ್‌ಸ್ಟನ್ ತಂತಿಯನ್ನು ಪ್ಲಾಸ್ಮಾದೊಳಗೆ ಇಟ್ಟು, ವೋಲ್ಟೇಜ್ ಬದಲಿಸುತ್ತಾ ಹರಿಯುವ ಕರೆಂಟ್ ಅಳೆಯುತ್ತಾರೆ. ಆ ಕರ್ವ್‌ನ ಏರಿಕೆಯಿಂದ ಎಲೆಕ್ಟ್ರಾನ್ ತಾಪಮಾನ ಸಿಗುತ್ತದೆ. 1928ರಲ್ಲಿ ಈ ಸ್ಥಿತಿಗೆ ‘ಪ್ಲಾಸ್ಮಾ’ ಅಂತ ಹೆಸರಿಟ್ಟ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರ ಹೆಸರೇ ಈ ಪ್ರೋಬ್‌ಗೂ ಬಂದಿದೆ.

ಕೇಳಲು ಸುಲಭ. ಆದರೆ ರೇಡಿಯೋ ಫ್ರೀಕ್ವೆನ್ಸಿ ಪ್ಲಾಸ್ಮಾದಲ್ಲಿ ಪ್ಲಾಸ್ಮಾದ ಪೊಟೆನ್ಷಿಯಲ್ಲೇ (ಅದರ ವೋಲ್ಟೇಜ್) ಸೆಕೆಂಡಿಗೆ 1.356 ಕೋಟಿ ಸಲ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಪ್ರೋಬ್ ಅದರ ಜೊತೆಗೇ ಕುಣಿಯದಿದ್ದರೆ ಕರ್ವ್ ಕಲಸಿಹೋಗುತ್ತದೆ, ತಾಪಮಾನ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಹಾಗಾಗಿ ತುದಿಯ ಹಿಂದೆಯೇ, ರೇಡಿಯೋ ಫ್ರೀಕ್ವೆನ್ಸಿ ಕರೆಂಟನ್ನು ತಡೆಯುವ ಪುಟ್ಟ ಚೋಕ್ ಕಾಯಿಲ್‌ಗಳನ್ನು ಕೂರಿಸಿ, ಪಕ್ಕದಲ್ಲಿ ಇನ್ನೊಂದು ದೊಡ್ಡ ಎಲೆಕ್ಟ್ರೋಡ್ ಜೋಡಿಸಿ, ಪ್ರೋಬ್ ತಾನೂ ಪ್ಲಾಸ್ಮಾದ ಜೊತೆ ಕುಣಿಯುವಂತೆ ಮಾಡಬೇಕು. ಇದಕ್ಕೆ ಆರ್‌ಎಫ್ ಕಾಂಪನ್ಸೇಶನ್ ಅನ್ನುತ್ತಾರೆ. ಆ ಲ್ಯಾಬಿನ ಮೊದಲ ಪ್ರೋಬ್ ಮಾಡಿದ್ದು ನಾನು. ಅದು ಅಷ್ಟಕ್ಕಷ್ಟೇ ಕೆಲಸ ಮಾಡುತ್ತಿತ್ತು. ಅವಳು ಅದನ್ನು ಸರಿ ಮಾಡಿದಳು.

ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಟೇಬಲ್ ಮೇಲೆ ಅಳೆದಾಗ ಚೋಕ್ ಸರಿಯಾಗಿ 13.56ರಲ್ಲೇ ರೆಸೊನೇಟ್ ಆಗುತ್ತಿತ್ತು, ಅಂದರೆ ಆ ಫ್ರೀಕ್ವೆನ್ಸಿಯನ್ನೇ ಅತಿ ಹೆಚ್ಚು ತಡೆಯುತ್ತಿತ್ತು. ಪ್ರೋಬ್‌ನ ಕೊಳವೆಯೊಳಗೆ ತೂರಿಸಿದ ಮೇಲೆ ತಾಪಮಾನ ಮತ್ತೆ ತಪ್ಪು ಬರುತ್ತಿತ್ತು. ಕೊನೆಗೆ ಗೊತ್ತಾಗಿದ್ದು ಇಷ್ಟು: ಕೊಳವೆಯ ಲೋಹದ ಕವಚದಿಂದ ಸೇರಿಕೊಳ್ಳುವ ಒಂದಿಷ್ಟು ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ರೆಸೊನೆನ್ಸನ್ನು ಕೆಳಗೆ ಎಳೆಯುತ್ತಿತ್ತು. ಅವಳು ಚೋಕನ್ನು ಬೇಕೆಂದೇ ಮೇಲಿನ ಫ್ರೀಕ್ವೆನ್ಸಿಗೆ ಸುತ್ತಿ, ಒಳಗೆ ಹೋದ ಮೇಲೆ 13.56ಕ್ಕೆ ಬಂದು ನಿಲ್ಲುವಂತೆ ಮಾಡಿದಳು. 4.5 ಇವಿ (ಎಲೆಕ್ಟ್ರಾನ್ ವೋಲ್ಟ್, ಪ್ಲಾಸ್ಮಾದಲ್ಲಿ ತಾಪಮಾನ ಹೇಳುವ ಮಾನ) ತೋರಿಸುತ್ತಿದ್ದ ತಾಪಮಾನ 2.8 ಇವಿಗೆ ಇಳಿಯಿತು.

ಈಗ ಅವಳ ಸಿವಿ ನೋಡಿ. ಈ ಇಡೀ ಕಥೆಯ ಜಾಗದಲ್ಲಿ ಎರಡೇ ಪದ ಇದ್ದವು: ‘ಲ್ಯಾಂಗ್‌ಮ್ಯೂರ್ ಪ್ರೋಬ್‌’. ಅದೂ ಕೌಶಲಗಳ ಪಟ್ಟಿಯಲ್ಲಿ, ಪೈಥಾನ್ ಮತ್ತು ಪವರ್‌ಪಾಯಿಂಟ್ ನಡುವೆ.

43 ಅರ್ಜಿಗಳು ಎಲ್ಲಿಗೆ ಹೋಗಿದ್ದವು

ಅವಳ ಕನಸು ಫ್ಯೂಷನ್, ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವುದು. ಆದ್ದರಿಂದ ಹುಡುಕಿದ್ದೂ ಅದೇ ಪದ ಹಾಕಿ. ಶೀಟಿನ ತುಂಬಾ ಟೋಕಮಾಕ್‌ಗಳ, ಅಂದರೆ ಬಿಸಿ ಪ್ಲಾಸ್ಮಾವನ್ನು ಮ್ಯಾಗ್ನೆಟ್‌ನಿಂದ ಹಿಡಿದಿಡುವ ಉಂಗುರದಾಕಾರದ ಫ್ಯೂಷನ್ ಯಂತ್ರಗಳ ಹೆಸರು. ಗಾರ್ಕಿಂಗ್‌ನ ಆಸ್ಡೆಕ್ಸ್ ಅಪ್‌ಗ್ರೇಡ್, ಲೋಸಾನ್‌ನ ಟಿಸಿವಿ, ಸ್ಯಾನ್ ಡಿಯಾಗೋದ ಡಿ‌ತ್ರೀ-ಡಿ, ಕಲ್ಹಮ್‌ನ ಮಾಸ್ಟ್ ಅಪ್‌ಗ್ರೇಡ್, ಕದರಾಶ್‌ನ ವೆಸ್ಟ್. ಇಂಥ ಯಂತ್ರಗಳ ಸುತ್ತ ಇರುವ ಪೋಸ್ಟ್‌ಡಾಕ್ ಜಾಹೀರಾತುಗಳನ್ನು ನಿಧಾನಕ್ಕೆ ಓದಿದರೆ, ಕೇಳುವುದು ಬಹುಪಾಲು ಟೋಕಮಾಕ್ ಡೇಟಾದ ಅನುಭವ, ಟರ್ಬ್ಯುಲೆನ್ಸ್ ಸಿಮ್ಯುಲೇಶನ್, ಎಡ್ಜ್ ಪ್ಲಾಸ್ಮಾ ಮಾಡೆಲಿಂಗ್. ಅದನ್ನೇ ಪಿಎಚ್‌ಡಿಯಲ್ಲಿ ಮಾಡಿದವರು ಅದೇ ಜಾಗಕ್ಕೆ ಅರ್ಜಿ ಹಾಕಿರುತ್ತಾರೆ. ಅವರ ಪಕ್ಕದಲ್ಲಿ ಇವಳ ಸಿವಿ ಇಟ್ಟರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಆ ಪ್ರೊಫೆಸರ್‌ಗಳನ್ನು ದೂರುವಂತೆಯೂ ಇಲ್ಲ.

ಪ್ಲಾಸ್ಮಾ ಅನ್ನೋದು ಒಂದು ಹೆಸರಿನ ಕೆಳಗಿರುವ ಹತ್ತು ಮನೆ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಅಂತಾರಾಷ್ಟ್ರೀಯ ಟೋಕಮಾಕ್ ಐಟರ್‌ನಂಥ ಯಂತ್ರದ ನಡುವೆ 15 ಕೋಟಿ ಡಿಗ್ರಿ ಬೇಕು. ಇವಳ ಚೇಂಬರಿನಲ್ಲಿ ಎಲೆಕ್ಟ್ರಾನ್‌ಗಳು ಸುಮಾರು 30 ಸಾವಿರ ಡಿಗ್ರಿ, ಅನಿಲ ಅದರ ಹತ್ತಿರಕ್ಕೂ ಬರುವುದಿಲ್ಲ. ಬಾಹ್ಯಾಕಾಶ ಪ್ಲಾಸ್ಮಾದವರು 2018ರಲ್ಲಿ ಹಾರಿದ ಪಾರ್ಕರ್ ಸೋಲಾರ್ ಪ್ರೋಬ್ ನೌಕೆಯ ಡೇಟಾ ಇಟ್ಟುಕೊಂಡು ಕೂತಿರುತ್ತಾರೆ. ಲೇಸರ್ ಪ್ಲಾಸ್ಮಾದವರಿಗೆ 2022ರ ಡಿಸೆಂಬರ್ 5 ದೊಡ್ಡ ದಿನ: ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಕಿ 3.15 ಮೆಗಾಜೂಲ್ ಫ್ಯೂಷನ್ ಶಕ್ತಿ ಪಡೆದ ದಿನ. ಸರ್ನ್‌ನ ಅವೇಕ್ ಪ್ರಯೋಗದಲ್ಲಿ ಪ್ಲಾಸ್ಮಾ ಅಲೆಯ ಮೇಲೆ ಎಲೆಕ್ಟ್ರಾನ್‌ಗಳನ್ನು ಓಡಿಸುತ್ತಾರೆ. ಚಿಪ್ ತಯಾರಿಕೆಯವರಿಗೆ ಪ್ಲಾಸ್ಮಾ ಅಂದರೆ ಎಚಿಂಗ್, ಚಿಪ್ ಮೇಲೆ ಸೂಕ್ಷ್ಮ ಗೆರೆ ಕೊರೆಯುವುದು. ಇಲ್ಲವೇ ತವರದ ಹನಿಗೆ ಲೇಸರ್ ಹೊಡೆದು 13.5 ನ್ಯಾನೋಮೀಟರ್ ಬೆಳಕು ತೆಗೆಯುವ ಕೆಲಸ. ಈ ಜನ ಬೇರೆ ಬೇರೆ ಸಮ್ಮೇಳನಗಳಿಗೆ ಹೋಗುತ್ತಾರೆ. ಜಾಹೀರಾತು ಹಾಕುವುದೂ ಬೇರೆ ಬೇರೆ ಕಡೆ. ಕಡಿಮೆ ತಾಪಮಾನದ ಪ್ಲಾಸ್ಮಾದವರು ಗ್ಯಾಸಿಯಸ್ ಎಲೆಕ್ಟ್ರಾನಿಕ್ಸ್ ಕಾನ್ಫರೆನ್ಸ್‌ನಲ್ಲಿ ಸಿಗುತ್ತಾರೆ. ಅವಳು ಅದಕ್ಕೆ ಒಮ್ಮೆಯೂ ಹೋಗಿರಲಿಲ್ಲ. ಗ್ರೈಫ್ಸ್‌ವಾಲ್ಡ್‌ನಲ್ಲಿ ವೆಂಡೆಲ್‌ಸ್ಟೈನ್ 7-ಎಕ್ಸ್ ಎಂಬ ಫ್ಯೂಷನ್ ಯಂತ್ರ ಇದೆ ಅಂತ ಗೊತ್ತಿತ್ತು. ಅದೇ ಊರಿನಲ್ಲಿ ಕಡಿಮೆ ತಾಪಮಾನದ ಪ್ಲಾಸ್ಮಾಕ್ಕೆಂದೇ ಐಎನ್‌ಪಿ ಎಂಬ ಸಂಸ್ಥೆ ಇರುವುದು ಗೊತ್ತಿರಲಿಲ್ಲ!

ಕೈತಪ್ಪಿದ ಫೆಲೋಶಿಪ್

ಶೀಟಿನಲ್ಲಿ ಇಲ್ಲದ ಒಂದು ಅರ್ಜಿ ಬೇರೆ ಥರ ನೋವು ಕೊಟ್ಟಿತ್ತು. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ಅವಳು ಮೂರು ವಾರ ಕೂತು ಪ್ರಸ್ತಾವ ಬರೆದಿದ್ದಳು. ಒಬ್ಬ ಪ್ರೊಫೆಸರ್ ಒಪ್ಪಿಯೂ ಇದ್ದರು. ಕೊನೆಯ ತಾರೀಖಿಗೆ ಆರು ದಿನ ಇರುವಾಗ ಅರ್ಹತೆಯ ನಿಯಮ ಸರಿಯಾಗಿ ಓದಿದಳು. ಅರ್ಜಿಯ ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಪಿಎಚ್‌ಡಿ ನಡುವೆ ಅವಳು ಅದೇ ದೇಶದಲ್ಲಿ 14 ತಿಂಗಳು ಕೆಲಸ ಮಾಡಿ ಬಂದಿದ್ದಳು. ಅಲ್ಲಿ ಸಿಕ್ಕಿದ ಪರಿಚಯದಿಂದಲೇ ಆ ಪ್ರೊಫೆಸರ್ ಒಪ್ಪಿದ್ದು. ನಿಯಮ ಇಬ್ಬರಿಗೂ ಹೊಳೆದಿರಲಿಲ್ಲ. ಅಂದು ರಾತ್ರಿ ಅವಳು ಫೈಲ್ ಮುಚ್ಚಿಟ್ಟಳು.

ಆದ್ದರಿಂದ ನಾವು ಮೊದಲು ಮಾಡಿದ ಕೆಲಸ, ಅವಳ ಪಿಎಚ್‌ಡಿ ತಾರೀಖನ್ನು ಹಾಳೆಯ ಮೇಲೆ ಬರೆದು ಎದುರಿಗೆ ಪ್ರತಿ ಫೆಲೋಶಿಪ್‌ನ ಗಡಿಯಾರ ಇಟ್ಟಿದ್ದು. ಜರ್ಮನಿಯ ಹುಂಬೋಲ್ಟ್ ಫೆಲೋಶಿಪ್‌ನಲ್ಲಿ ಪೋಸ್ಟ್‌ಡಾಕ್‌ಗಳಿಗೆ ಪಿಎಚ್‌ಡಿ ಆಗಿ 4 ವರ್ಷದ ಮಿತಿ. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್‌ನಲ್ಲಿ 6 ವರ್ಷ. ಅಲ್ಲಿ ಅರ್ಜಿ ಹಾಕುವುದು ನಾವಲ್ಲ, ಕರೆಸಿಕೊಳ್ಳುವ ಸಂಶೋಧಕರು ತಮ್ಮ ಸಂಸ್ಥೆಯ ಮೂಲಕ ಹಾಕುತ್ತಾರೆ. 2008ರಲ್ಲಿ ಶುರುವಾದ ಮೊನಾಕೊ-ಐಟರ್ ಫೆಲೋಶಿಪ್‌ ಐಟರ್ ಸದಸ್ಯ ದೇಶಗಳ ಮತ್ತು ಮೊನಾಕೊದ ಪ್ರಜೆಗಳಿಗೆ. ಎರಡು ವರ್ಷಕ್ಕೊಮ್ಮೆ ಕೈಬೆರಳಲ್ಲಿ ಎಣಿಸುವಷ್ಟೇ ಜಾಗ, ಪಿಎಚ್‌ಡಿ ಹೊಸದಾಗಿರಬೇಕು. ಮೇರಿ ಕ್ಯೂರಿಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ಅರ್ಜಿ ಹಾಕಿದರೆ ಮುಂದಿನ ವರ್ಷದ ಫೆಬ್ರವರಿ ಸುಮಾರಿಗೆ ಫಲಿತಾಂಶ. ಹೋಸ್ಟ್ (ಕರೆಸಿಕೊಳ್ಳುವ ಪ್ರೊಫೆಸರ್) ಹುಡುಕುವುದರಿಂದ ಹಿಡಿದು ಕೆಲಸಕ್ಕೆ ಸೇರುವವರೆಗೆ ಲೆಕ್ಕ ಹಾಕಿದರೆ ಒಂದು ವರ್ಷ ಸುಮ್ನೆ ಹೋಗಿಬಿಡುತ್ತದೆ. ಥೀಸಿಸ್ ಕೊಟ್ಟ ಮೇಲೆ ಶುರು ಮಾಡಿದರೆ ತಡವಾಗುತ್ತದೆ. ಕೊನೆಯ ವರ್ಷದಲ್ಲೇ ಶುರು ಮಾಡಬೇಕು. ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಆ ಬೇಸರ ನನಗಿದೆ.

ಬಾಗಿಲು ಸಿಕ್ಕಿದ್ದು ಎಲ್ಲಿ

ನಾನು ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: ‘ನಿನ್ನ ಪ್ರೋಬ್ ಯಾರಿಗೆ ಬೇಕು?’

ಅವಳು ಎರಡು ದಿನ ಯೋಚಿಸಿ ಪಟ್ಟಿ ತಂದಳು. ರೇಡಿಯೋ ಫ್ರೀಕ್ವೆನ್ಸಿಯಿಂದ ಪ್ಲಾಸ್ಮಾ ಮಾಡುವವರೆಲ್ಲ ಅದರಲ್ಲಿದ್ದರು. ಚಿಪ್ ಎಚಿಂಗ್‌ನವರು, ಉಪಗ್ರಹಗಳಿಗೆ ಹೆಲಿಕಾನ್ ಥ್ರಸ್ಟರ್ (ಪ್ಲಾಸ್ಮಾ ಉಗುಳಿ ತಳ್ಳುವ ಎಂಜಿನ್) ಮಾಡುವವರು. ಮೂರನೆಯ ಹೆಸರಿನ ಮುಂದೆ ಅವಳು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು: ನ್ಯೂಟ್ರಲ್ ಬೀಮ್ ಅಯಾನ್ ಸೋರ್ಸ್. ‘ಇದು ಫ್ಯೂಷನ್ನೇ ಅಲ್ವಾ ಅಕ್ಕಾ?’

ಹೌದು, ಫ್ಯೂಷನ್ನೇ. ಐಟರ್‌ನ ಪ್ಲಾಸ್ಮಾ ಬಿಸಿ ಮಾಡಲು 1 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಲ್, ಅಂದರೆ ಚಾರ್ಜ್ ಇಲ್ಲದ ಕಣಗಳ ಬೀಮ್ ಬೇಕು, ಒಂದೊಂದು ಇಂಜೆಕ್ಟರ್‌ನಿಂದ 16.5 ಮೆಗಾವಾಟ್. ಕಣಗಳಿಗೆ ವೇಗ ಕೊಡಬೇಕಾದರೆ ಚಾರ್ಜ್ ಇರಬೇಕು. ಮ್ಯಾಗ್ನೆಟಿಕ್ ಫೀಲ್ಡ್ ದಾಟಿ ಒಳಗೆ ಹೋಗಬೇಕಾದರೆ ಚಾರ್ಜ್ ಇರಬಾರದು. ಹಾಗಾಗಿ ವೇಗ ಕೊಟ್ಟ ಮೇಲೆ ಚಾರ್ಜ್ ಕಳೆಯಬೇಕು. ಅಷ್ಟು ಹೆಚ್ಚು ಶಕ್ತಿಯಲ್ಲಿ ಪಾಸಿಟಿವ್ ಅಯಾನ್‌ಗಳು ಚಾರ್ಜ್ ಕಳೆದುಕೊಳ್ಳುವುದು ತೀರಾ ಕಡಿಮೆ. ನೆಗೆಟಿವ್ ಅಯಾನ್‌ಗಳಾದರೆ ಅನಿಲದ ಮೂಲಕ ಹಾಯಿಸಿದಾಗ ಅರ್ಧಕ್ಕಿಂತ ಹೆಚ್ಚು ನ್ಯೂಟ್ರಲ್ ಆಗುತ್ತವೆ. ಆ ನೆಗೆಟಿವ್ ಹೈಡ್ರೋಜನ್ ಅಯಾನ್ ಹುಟ್ಟುವುದು ಎಲ್ಲಿ ಗೊತ್ತಾ? ಸುಮಾರು 1 ಮೆಗಾಹರ್ಟ್ಸ್ ರೇಡಿಯೋ ಫ್ರೀಕ್ವೆನ್ಸಿಯಿಂದ ಉರಿಯುವ, ಕಡಿಮೆ ಒತ್ತಡದ, ಕಡಿಮೆ ತಾಪಮಾನದ ಪ್ಲಾಸ್ಮಾದಲ್ಲಿ. ಪ್ಲಾಸ್ಮಾ ಹುಟ್ಟುವ ಭಾಗವಾದ ಡ್ರೈವರ್‌ನಲ್ಲಿ ಎಲೆಕ್ಟ್ರಾನ್ ತಾಪಮಾನ 10 ಇವಿ ಆಸುಪಾಸು, ಮ್ಯಾಗ್ನೆಟಿಕ್ ಫಿಲ್ಟರ್ ದಾಟಿ, ಅಯಾನ್‌ಗಳನ್ನು ಹೊರಗೆಳೆಯುವ ಗ್ರಿಡ್ ಹತ್ತಿರ ಬಂದರೆ 1 ಇವಿ ಆಸುಪಾಸು. ಆ ಇಳಿಕೆ ಸರಿಯಾಗಿ ಆಗುತ್ತಿದೆಯಾ ಅಂತ ನೋಡಬೇಕಾದರೆ ಪ್ರೋಬ್ ಬೇಕು. ರೇಡಿಯೋ ಫ್ರೀಕ್ವೆನ್ಸಿಯ ಕುಣಿತಕ್ಕೆ ಮೋಸ ಹೋಗದ ಪ್ರೋಬ್ ಬೇಕು.

ಗಾರ್ಕಿಂಗ್‌ನಲ್ಲಿ ಎಲಿಸ್, ಪಡುವಾದಲ್ಲಿ ಸ್ಪೈಡರ್, ಗಾಂಧಿನಗರದಲ್ಲಿ ರಾಬಿನ್. ಇವೆಲ್ಲ ಈ ಕೆಲಸಕ್ಕೇ ಇರುವ ಯಂತ್ರಗಳು. ಟೋಕಮಾಕ್ ಅನ್ನೋ ಪದ ಹಾಕಿ ಹುಡುಕಿದವಳಿಗೆ ಇವು ಒಂದೂ ಕಂಡಿರಲಿಲ್ಲ.

ಇನ್ನು ಯಾರ ಹತ್ತಿರ ಜಾಗ ಇರಬಹುದು ಅನ್ನೋ ಪ್ರಶ್ನೆ. ಪೋಸ್ಟ್‌ಡಾಕ್ ಸಂಬಳ ಬಹಳ ಸಲ ಪ್ರೊಫೆಸರ್‌ರ ಪ್ರಾಜೆಕ್ಟ್ ಹಣದಿಂದ ಬರುತ್ತದೆ. ಪ್ರಾಜೆಕ್ಟ್ ಮುಗಿಯುತ್ತಾ ಬಂದವರಿಗೆ ಎಷ್ಟು ಒಳ್ಳೆಯ ಪತ್ರ ಬರೆದರೂ ಅವರ ಕೈ ಖಾಲಿ. ಹಾಗಾಗಿ ಅವಳು ಪೇಪರ್‌ಗಳ ಕೊನೆಯಲ್ಲಿರುವ ಕೃತಜ್ಞತೆಯ ಪ್ಯಾರಾ ಓದತೊಡಗಿದಳು. ಎಲ್ಲರೂ ಹಾರಿಸಿಬಿಡುವ ಪ್ಯಾರಾ ಅದು. ಅಲ್ಲಿ ಗ್ರಾಂಟ್ ನಂಬರ್ ಇರುತ್ತದೆ. ಯುರೋಪಿನ ಗ್ರಾಂಟ್ ಆದರೆ ಅಲ್ಲಿನ ಯೋಜನೆಗಳ ವೆಬ್‌ಸೈಟ್ ಕಾರ್ಡಿಸ್‌ನಲ್ಲಿ, ಅಮೆರಿಕದ ಎನ್‌ಎಸ್‌ಎಫ್ ಗ್ರಾಂಟ್ ಆದರೆ ಅವರದೇ ಅವಾರ್ಡ್ ಹುಡುಕಾಟದಲ್ಲಿ, ಆ ನಂಬರ್ ಹಾಕಿದರೆ ಯಾವಾಗ ಶುರು, ಯಾವಾಗ ಮುಕ್ತಾಯ, ಎಷ್ಟು ಹಣ ಅನ್ನೋದು ಕಾಣುತ್ತದೆ. ಈಗಷ್ಟೇ ಶುರುವಾದ ಪ್ರಾಜೆಕ್ಟ್‌ನವರು ಜನ ಹುಡುಕುತ್ತಿರುವ ಸಾಧ್ಯತೆ ಜಾಸ್ತಿ. ಹೀಗೆ ಸೋಸಿ ಉಳಿದದ್ದು 9 ಹೆಸರು.

ಎರಡು ಪತ್ರ

ಮೊದಲ 43 ಅರ್ಜಿಗಳಲ್ಲಿ ನೇರವಾಗಿ ಪ್ರೊಫೆಸರ್‌ಗಳಿಗೆ ಹೋದ ಪತ್ರ ಹೀಗಿತ್ತು, ಕನ್ನಡದಲ್ಲಿ ಹೇಳುವುದಾದರೆ: ‘ನಾನು ಪ್ಲಾಸ್ಮಾ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ್ದೇನೆ. ನಿಮ್ಮ ಹೆಸರಾಂತ ಗುಂಪಿನಲ್ಲಿ ಕೆಲಸ ಮಾಡಲು ಬಹಳ ಆಸಕ್ತಿ ಇದೆ. ಸಿವಿ ಲಗತ್ತಿಸಿದ್ದೇನೆ. ಜಾಗ ಖಾಲಿ ಇದ್ದರೆ ದಯವಿಟ್ಟು ತಿಳಿಸಿ.’ ಇದರಲ್ಲಿ ಸುಳ್ಳಿಲ್ಲ, ಒರಟುತನವಿಲ್ಲ. ಆದರೆ ಇದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು.

9 ಜನರಿಗೆ ಬೇರೆ ಬೇರೆಯಾಗಿ ಬರೆದಳು. ಒಂದೊಂದಕ್ಕೂ ಎರಡು ಮೂರು ದಿನ ಹಿಡಿಯಿತು. ಅದರಲ್ಲೊಂದು:

‘ನಿಮ್ಮ ಗುಂಪಿನ ಇತ್ತೀಚಿನ ಪೇಪರ್ ಓದಿದೆ. ನಾಲ್ಕನೇ ಚಿತ್ರದಲ್ಲಿ ಡ್ರೈವರ್ ಹತ್ತಿರದ ಎಲೆಕ್ಟ್ರಾನ್ ತಾಪಮಾನ ಪವರ್ ಜೊತೆ ಏರುತ್ತದೆ. ಅಲ್ಲಿ ಆರ್‌ಎಫ್ ಕಾಂಪನ್ಸೇಶನ್ ಎಷ್ಟರ ಮಟ್ಟಿಗೆ ಆಗುತ್ತಿತ್ತು ಅಂತ ಕೇಳಬೇಕೆನಿಸಿತು. ನಾನು 13.56 ಮೆಗಾಹರ್ಟ್ಸ್‌ನಲ್ಲಿ ಇದೇ ತೊಂದರೆ ಎದುರಿಸಿದ್ದೇನೆ. 4.5 ಇವಿ ಬರುತ್ತಿದ್ದದ್ದು ಚೋಕ್ ಸರಿ ಮಾಡಿದ ಮೇಲೆ 2.8ಕ್ಕೆ ಇಳಿಯಿತು. ಎರಡೂ ಕರ್ವ್ ಒಂದು ಪುಟದಲ್ಲಿ ಲಗತ್ತಿಸಿದ್ದೇನೆ. ನಿಮ್ಮ ಹೊಸ ಪ್ರಾಜೆಕ್ಟ್ ಈ ವರ್ಷ ಶುರುವಾಗಿದೆ ಅಂತ ನೋಡಿದೆ. ಅದರಲ್ಲಿ ಪೋಸ್ಟ್‌ಡಾಕ್ ಜಾಗ ಇದ್ದರೆ 20 ನಿಮಿಷ ಮಾತಾಡಬಹುದೇ?’

‘ಪೇಪರಿನ ತಪ್ಪು ಹಿಡಿದಂತೆ ಆಗುವುದಿಲ್ಲವಾ?’ ಅಂತ ಅವಳು ಹೆದರಿದಳು. ತಪ್ಪು ಅಂತ ಎಲ್ಲೂ ಹೇಳಿಲ್ಲ, ಕೇಳಿದ್ದೀಯ ಅಷ್ಟೇ, ಕಳಿಸು ಅಂದೆ. ಸಿವಿಯ ಮೊದಲ ಅರ್ಧ ಪುಟವನ್ನೂ ಬದಲಿಸಿದೆವು. ನಾಲ್ಕು ತಿಂಗಳ ಚೋಕ್ ಕಥೆ ಮೂರು ಸಾಲಾಗಿ ಮೇಲೆ ಬಂತು, ಪವರ್‌ಪಾಯಿಂಟ್ ಹೊರಗೆ ಹೋಯಿತು.

ಗೈಡ್ ಕೊಟ್ಟಿದ್ದ ಶಿಫಾರಸು ಪತ್ರದಲ್ಲಿ ‘ಶ್ರಮಜೀವಿ, ಪ್ರಾಮಾಣಿಕ’ ಅಂತಿತ್ತು. ಅವಳು ಸಂಕೋಚ ಬಿಟ್ಟು ಅವರ ಹತ್ತಿರ ಹೋಗಿ, ‘ಸರ್, ಆ ಪ್ರೋಬ್ ವಿಷಯ ಬರೆಯುತ್ತೀರಾ?’ ಅಂತ ಕೇಳಿದಳು. ಅವರು ಖುಷಿಯಿಂದ ಬರೆದರು. ಮೊದಲೇ ಯಾಕೆ ಕೇಳಲಿಲ್ಲ ಅಂದರಂತೆ.

9 ಪತ್ರಗಳಿಗೆ 6 ಉತ್ತರ ಬಂದವು. ಮೂವರು ಈಗ ಹಣ ಇಲ್ಲ ಅಂದರು, ಅದರಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಕೊಟ್ಟರು. ಒಬ್ಬರು ಫೆಲೋಶಿಪ್‌ಗೆ ಒಟ್ಟಿಗೆ ಅರ್ಜಿ ಹಾಕೋಣ ಅಂದರು. ಇಬ್ಬರು ಮಾತಾಡೋಣ ಅಂದರು.

ಇಂಟರ್‌ವ್ಯೂ

ಎರಡನೇ ಇಂಟರ್‌ವ್ಯೂ ದಿನ ನಾನು ಫೋನ್ ಹಿಡಿದೇ ಕೂತಿದ್ದೆ. 20 ನಿಮಿಷದ ಟಾಕ್ ಚೆನ್ನಾಗಿಯೇ ಆಯಿತಂತೆ. ಆಮೇಲೆ ಪ್ರೊಫೆಸರ್ ಗೈಡ್‌ನ ಪತ್ರ ನೋಡುತ್ತಾ ಕೇಳಿದರಂತೆ: ನಿಮ್ಮ ಪ್ರೋಬ್ 13.56ಕ್ಕೆ ಮಾಡಿದ್ದು. ನಮ್ಮದು 1 ಮೆಗಾಹರ್ಟ್ಸ್. ಏನು ಬದಲಿಸುತ್ತೀರಿ?

ಇದಕ್ಕೆ ತಯಾರಿ ಇರಲಿಲ್ಲ. ಸ್ಲೈಡ್ ಬಿಟ್ಟು ಹಾಳೆ ತಗೊಂಡು ಕ್ಯಾಮೆರಾ ಮುಂದೆಯೇ ಬರೆದಳು. ಫ್ರೀಕ್ವೆನ್ಸಿ ಇಳಿದರೆ ಅಷ್ಟೇ ತಡೆ ಕೊಡಲು ಕಾಯಿಲ್‌ನ ಇಂಡಕ್ಟೆನ್ಸ್ ಹದಿಮೂರು ಪಟ್ಟಿಗಿಂತ ಹೆಚ್ಚಾಗಬೇಕು, ಚೋಕ್ ದಪ್ಪವಾಗುತ್ತದೆ. ಪಕ್ಕದ ಎಲೆಕ್ಟ್ರೋಡ್ ಕೂಡ ದೊಡ್ಡದಾಗಬೇಕು, ಯಾಕೆಂದರೆ ಅದು ಪ್ಲಾಸ್ಮಾಕ್ಕೆ ಜೋಡಿಕೊಳ್ಳುವುದು ಶೀತ್‌ನ (ಅದರ ಸುತ್ತ ಕಟ್ಟುವ ತೆಳು ಪದರದ) ಕೆಪಾಸಿಟೆನ್ಸ್ ಮೂಲಕ, ಕಡಿಮೆ ಫ್ರೀಕ್ವೆನ್ಸಿಯಲ್ಲಿ ಆ ದಾರಿ ಇಕ್ಕಟ್ಟು. ಚೋಕ್ ಚಿಕ್ಕದಾಗಿಸಲು ಫೆರೈಟ್ ಎಂಬ ಮ್ಯಾಗ್ನೆಟಿಕ್ ವಸ್ತುವಿನ ಕೋರ್ ಹಾಕಬಹುದು. ಅಲ್ಲಿಗೆ ಬಂದು ನಿಂತಳು. ‘ನಿಮ್ಮಲ್ಲಿ ಮ್ಯಾಗ್ನೆಟಿಕ್ ಫಿಲ್ಟರ್ ಇದೆ. ಆ ಫೀಲ್ಡ್‌ನಲ್ಲಿ ಫೆರೈಟ್ ಹೇಗೆ ನಡೆದುಕೊಳ್ಳುತ್ತದೆ ಅಂತ ನನಗೆ ಗೊತ್ತಿಲ್ಲ. ಮೊದಲು ಅದನ್ನು ಟೇಬಲ್ ಮೇಲೆ ಒಂದು ಮ್ಯಾಗ್ನೆಟ್ ಇಟ್ಟು ಅಳೆಯಬೇಕು’ ಅಂದಳು.

‘ಗೊತ್ತಿಲ್ಲ ಅಂದುಬಿಟ್ಟೆ ಅಕ್ಕಾ, ಹೋಯ್ತು’ ಅಂತ ಫೋನಿನಲ್ಲಿ ಅತ್ತಳು. ನನಗೆ ಹಾಗನಿಸಲಿಲ್ಲ. ಯಾವುದು ಗೊತ್ತಿಲ್ಲ, ಅದನ್ನು ತಿಳಿಯಲು ಮೊದಲ ದಿನ ಏನು ಮಾಡಬೇಕು ಅಂತ ಹೇಳಿದವಳನ್ನು ನನ್ನ ಲ್ಯಾಬಿಗಾದರೆ ನಾನು ಅಂದೇ ಕರೆದುಕೊಳ್ಳುತ್ತಿದ್ದೆ.

ಹನ್ನೊಂದು ದಿನಕ್ಕೆ ಆಫರ್ ಬಂತು. ಎರಡು ವರ್ಷದ ಜಾಗ, ಹಣ ಇದ್ದರೆ ಮೂರನೆಯದಕ್ಕೆ ಮುಂದುವರಿಕೆ. ಸಹಿ ಹಾಕುವ ಮೊದಲು ಅವಳು ಆ ಗುಂಪಿನ ಇಬ್ಬರು ಹಳೆಯ ಪೋಸ್ಟ್‌ಡಾಕ್‌ಗಳ ಹತ್ತಿರ ಮಾತಾಡಿದಳು. ಯಂತ್ರ ವರ್ಷದಲ್ಲಿ ಎಷ್ಟು ದಿನ ನಡೆಯುತ್ತದೆ, ಪೇಪರಿನಲ್ಲಿ ಮೊದಲ ಹೆಸರು ಯಾರದ್ದು ಅಂತ ಕೇಳಿಕೊಂಡಳು. ಯಂತ್ರದ ವಿಷಯ ಮುಖ್ಯ. ದೊಡ್ಡ ಯಂತ್ರಗಳು ರಿಪೇರಿಗೋ ಬದಲಾವಣೆಗೋ ಒಂದೊಂದು ಸಲ ವರ್ಷಗಟ್ಟಲೆ ನಿಲ್ಲುತ್ತವೆ, ಆಗ ಎರಡು ವರ್ಷದ ಪೋಸ್ಟ್‌ಡಾಕ್ ಪ್ಲಾಸ್ಮಾವನ್ನೇ ನೋಡದೆ ಮುಗಿದುಹೋಗಬಹುದು.

ವೀಸಾ ಬರಲು ಮತ್ತೆ ಎರಡೂವರೆ ತಿಂಗಳು. ಸೇರಿದ ಮೂರನೇ ವಾರಕ್ಕೆ ಮೆಸೇಜು ಬಂತು. ಹೊಸ ಚೋಕ್ ಹಳೆಯ ಅಳತೆಯ ಕೊಳವೆಯಲ್ಲಿ ಹಿಡಿಸುತ್ತಿಲ್ಲ. ‘ಅಕ್ಕಾ, ನಿಮ್ಮ ಮೊದಲ ಪ್ರೋಬ್‌ನ ಡ್ರಾಯಿಂಗ್ ಇದೆಯಾ? ಅದರ ಕೊಳವೆ ಇದಕ್ಕಿಂತ ಅಗಲ ಇತ್ತಲ್ವಾ?’

ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಹುಡುಕಿ, ಅಂದೇ ರಾತ್ರಿ ಕಳಿಸಿದೆ.